ಅನಾಥ ಮಗುವಿಗೆ ಬೇಕಿರುವುದು ಕಟ್ಟಡವೋ, ಮನೆಯೋ?

ಹಿಜರಿ 7ನೇ ವರ್ಷ. ಹಿಂದಿನ ವರ್ಷ ಹುದೈಬಿಯಾದಲ್ಲಿ ತಡೆಯಲ್ಪಟ್ಟ ಉಮ್ರಾವನ್ನು ಪೂರೈಸಿ, ಮೂರು ದಿನ ಮಕ್ಕಾದಲ್ಲಿ ತಂಗಿದ್ದ ಪ್ರವಾದಿ ಮುಹಮ್ಮದ್(ಸ) ಅವರು ಸಹಾಬಿಗಳೊಂದಿಗೆ ಹೊರಟಿದ್ದರು. ಆಗ ಪುಟ್ಟ ಹುಡುಗಿಯೊಬ್ಬಳು ಚಿಕ್ಕಪ್ಪನನ್ನು ಕರೆಯುತ್ತಾ ಅವರ ಹಿಂದೆಯೇ ಬಂದಳು. ಆಕೆ ಉಹುದ್‌ನಲ್ಲಿ ಹುತಾತ್ಮರಾದ ಹಝ್ರತ್ ಹಂಝಾ(ರ) ಅವರ ಮಗಳು. ರಕ್ತ ಸಂಬಂಧದಲ್ಲಿ ಹಂಝಾ(ರ) ಪ್ರವಾದಿವರ್ಯರ(ಸ) ಚಿಕ್ಕಪ್ಪ. ಆದರೆ ಇಬ್ಬರೂ ಒಬ್ಬಳೇ ತಾಯಿಯ ಹಾಲುಂಡವರಾದ್ದರಿಂದ ಸಹೋದರರೂ ಹೌದು. ಹಾಗಾಗಿ ಆ ಮಗುವಿನ ಕರೆ ತಪ್ಪಾಗಿರಲಿಲ್ಲ. ಹಝ್ರತ್ ಅಲೀ(ರ) ಅವಳ ಕೈ ಹಿಡಿದು ಫಾತಿಮಾ(ರ) ಅವರಿಗೆ ಒಪ್ಪಿಸಿದರು.

ಬಳಿಕ ಆ ಹುಡುಗಿಯ ವಿಷಯದಲ್ಲಿ ಮೂವರ ನಡುವೆ ವಾದ ಎದ್ದಿತು. ಅಲೀ(ರ) ಅವರು, ಇವಳು ನನ್ನ ಚಿಕ್ಕಪ್ಪನ ಮಗಳು, ಕೈಹಿಡಿದು ಕರೆತಂದವನೂ ನಾನೇ ಎಂದರು. ಅವರ ಅಣ್ಣ ಜಅಫರ್(ರ) ಅವರು, ನನಗೂ ಇವಳು ಚಿಕ್ಕಪ್ಪನ ಮಗಳು, ಮೇಲಾಗಿ ಇವಳ ತಾಯಿಯ ಸಹೋದರಿ ನನ್ನ ಮನೆಯಲ್ಲಿ ಪತ್ನಿಯಾಗಿದ್ದಾಳೆ ಎಂದರು. ಝೈದ್ ಬಿನ್ ಹಾರಿಸಾ(ರ) ಅವರಿಗೂ ಹಂಝಾ(ರ) ಅವರಿಗೂ ನಡುವೆ ಪ್ರವಾದಿವರ್ಯರು(ಸ) ಸಹೋದರ ಸಂಬಂಧ ಬೆಸೆದಿದ್ದರು. ಆ ಹಕ್ಕಿನಿಂದ ಅವರು, ಇವಳು ನನ್ನ ಸಹೋದರನ ಮಗಳು ಎಂದರು. ತೀರ್ಪು ಮಗುವಿನ ತಾಯಿಯ ಸಹೋದರಿಯ ಪರವಾಗಿ ಬಂತು. ತಾಯಿಯ ಸಹೋದರಿಗೆ ತಾಯಿಯದೇ ಸ್ಥಾನ ಎಂಬುದು ಅದಕ್ಕೆ ಕೊಡಲಾದ ಕಾರಣ. ಪ್ರವಾದಿವರ್ಯರು(ಸ) ಅಷ್ಟಕ್ಕೇ ನಿಲ್ಲದೆ ಮೂವರಿಗೂ ಒಂದೊಂದು ಪ್ರೀತಿಯ ಮಾತು ಹೇಳಿ ಕಳುಹಿಸಿದರೆಂದು ಬುಖಾರಿಯ ವರದಿಯಲ್ಲಿದೆ.

ತಂದೆಯಿಲ್ಲದ ಒಂದು ಹೆಣ್ಣುಮಗು ನನ್ನ ಮನೆಗೇ ಬರಲಿ ಎಂದು ಮೂವರು ಪುರುಷರು ವಾದಿಸಿದ ಸಮಾಜವದು. ಇಂದು ನಮ್ಮಲ್ಲೂ ವಾದ ನಡೆಯುತ್ತದೆ, ಆದರೆ ಅದರ ದಿಕ್ಕು ಬೇರೆ. ಮಯ್ಯಿತ್ ದಫನವಾಗಿ ಮೂರನೆಯ ದಿನ ಹಿರಿಯರು ಚಾವಡಿಯಲ್ಲಿ ಕುಳಿತುಕೊಳ್ಳುತ್ತಾರೆ. ದೊಡ್ಡಪ್ಪನ ಮನೆ ಚಿಕ್ಕದು. ಚಿಕ್ಕಪ್ಪ ಗಲ್ಫ್‌ನಲ್ಲಿದ್ದಾನೆ. ಸೋದರಮಾವನಿಗೆ ಮೂವರು ಹೆಣ್ಣುಮಕ್ಕಳು. ಎಲ್ಲರ ಕಾರಣಗಳೂ ನಿಜವೇ. ಕೊನೆಗೆ ಯಾರೋ ಒಬ್ಬರು, ಒಳ್ಳೆಯ ಯತೀಂಖಾನ ಇದೆ, ದೀನಿ ಶಿಕ್ಷಣವನ್ನೂ ಲೌಕಿಕ ಶಿಕ್ಷಣವನ್ನೂ ಕೊಡುತ್ತಾರೆ, ಫೀಸೂ ಇಲ್ಲ ಎನ್ನುತ್ತಾರೆ. ಸಭೆಗೆ ನಿರಾಳವಾಗುತ್ತದೆ.

ಯತೀಂಖಾನಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬೇರೆ ಯಾವ ಆಸರೆಯೂ ಇಲ್ಲದ ಸಾವಿರಾರು ಮಕ್ಕಳಿಗೆ ಅವು ಅನ್ನ ನೀಡಿವೆ, ಅಕ್ಷರ ಕಲಿಸಿವೆ. ಆಲಿಮರು, ಅಧ್ಯಾಪಕರು, ವೈದ್ಯರು ಅಲ್ಲಿಂದ ಹೊರಬಂದಿದ್ದಾರೆ. ನಮ್ಮ ಆಕ್ಷೇಪವಿರುವುದು ಸಮುದಾಯದ ಮನಃಸ್ಥಿತಿಯ ಬಗ್ಗೆ. ಅನಾಥ ಸಂರಕ್ಷಣೆ ಎಂದೊಡನೆ ನಮಗೆ ನೆನಪಾಗುವುದು ಕಟ್ಟಡ, ರಶೀದಿ ಪುಸ್ತಕ ಮತ್ತು ವಾರ್ಷಿಕೋತ್ಸವದ ವೇದಿಕೆ ಮಾತ್ರ. ಕೆಲವು ವರ್ಷಗಳ ಹಿಂದೆ ಈದ್ ದಿನ ನಾವು ಅಂಥದೊಂದು ಸಂಸ್ಥೆಗೆ ಹೋಗಿದ್ದೆವು. ಆ ದಿನ ಅಲ್ಲಿಗೆ ಏಳು ಕಡೆಗಳಿಂದ ಬಿರಿಯಾನಿ ಬಂದಿತ್ತು. ಮಿಕ್ಕದ್ದನ್ನು ಏನು ಮಾಡುವುದೆಂದು ಉಸ್ತಾದರು ಚಿಂತಿಸುತ್ತಿದ್ದರು. ಹೊಸ ಬಟ್ಟೆ ತೊಟ್ಟ ಒಂಬತ್ತರ ಹುಡುಗನೊಬ್ಬ ಗೇಟಿನ ಬಳಿ ನಿಂತು ರಸ್ತೆ ನೋಡುತ್ತಿದ್ದ. ಅವನ ತಾಯಿ ಜೀವಂತವಿದ್ದಾಳೆ, ಬೀಡಿ ಕಟ್ಟುತ್ತಾಳೆ, ಬಸ್ಸು ಸಿಕ್ಕಿದರೆ ಅಸರ್ ನಂತರ ಬರುತ್ತಾಳೆ ಎಂದು ತಿಳಿಯಿತು. ಏಳು ಮನೆಗಳವರು ಊಟ ಕಳುಹಿಸಿದ್ದರು. ಊಟಕ್ಕೆ ಬಾ ಎಂದು ಅವನನ್ನು ಒಂದು ಮನೆಯವರೂ ಕರೆದಿರಲಿಲ್ಲ. ನಾವೂ ಕರೆದಿರಲಿಲ್ಲ.

ಪವಿತ್ರ ಕುರ್‌ಆನ್ ಈ ವಿಷಯವನ್ನು ಎಷ್ಟು ಸೂಕ್ಷ್ಮವಾಗಿ ನೋಡಿದೆ ಎಂಬುದಕ್ಕೆ ಅಲ್‌ಬಕರಾ ಅಧ್ಯಾಯದ 220ನೇ ವಚನದ ಹಿನ್ನೆಲೆಯನ್ನು ಗಮನಿಸಬೇಕು. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆ ಎಂಬ ಎಚ್ಚರಿಕೆ ಬಂದಾಗ ಸಹಾಬಿಗಳು ಬೆಚ್ಚಿದರು. ತಮ್ಮ ಆಶ್ರಯದಲ್ಲಿದ್ದ ಅನಾಥರ ಅಡುಗೆಯನ್ನೇ ಬೇರೆ ಮಾಡಿದರು. ಮಗು ತಿಂದು ಉಳಿದದ್ದನ್ನು ಯಾರೂ ಮುಟ್ಟದೆ ಹಾಗೆಯೇ ಇಡುತ್ತಿದ್ದರು. ಅದು ಹಳಸಿ ಹೋದದ್ದೂ ಉಂಟು. ಇದು ಅವರಿಗೇ ಕಷ್ಟವಾಗಿ ಪ್ರವಾದಿವರ್ಯರ(ಸ) ಮುಂದೆ ಹೇಳಿಕೊಂಡಾಗ ಈ ವಚನ ಅವತೀರ್ಣವಾಯಿತು. ಅನಾಥರೊಂದಿಗೆ ಬೆರೆತು ಬಾಳಲು ಅದು ಅನುಮತಿ ನೀಡಿತು, ಅವರು ನಿಮ್ಮ ಸಹೋದರರೇ ಎಂದು ನೆನಪಿಸಿತು, ಕೆಡಿಸುವವನು ಯಾರು, ಸುಧಾರಿಸುವವನು ಯಾರು ಎಂಬುದು ಅಲ್ಲಾಹನಿಗೆ ತಿಳಿದಿದೆ ಎಂದೂ ಹೇಳಿತು. ಭಯದಿಂದಲೇ ಆಗಲಿ, ಪ್ರಾಮಾಣಿಕತೆಯಿಂದಲೇ ಆಗಲಿ, ಅನಾಥನ ಮಡಕೆಯನ್ನು ಬೇರೆಯಾಗಿಡುವುದನ್ನು ಅಲ್ಲಾಹನು ಅನಿವಾರ್ಯಗೊಳಿಸಲಿಲ್ಲ. ಇಂದು ನಾವು ಬಹು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿರುವುದು ಆ ಬೇರೆ ಮಡಕೆಯ ವ್ಯವಸ್ಥೆಯನ್ನೇ ಅಲ್ಲವೇ?

ಇನ್ನೊಂದು ಮಾತು. ಶರೀಅತ್‌ನ ಪರಿಭಾಷೆಯಲ್ಲಿ ಪ್ರಾಯಕ್ಕೆ ಬರುವ ಮೊದಲು ತಂದೆಯನ್ನು ಕಳೆದುಕೊಂಡ ಮಗು ಯತೀಮ್. ಅಂದರೆ ಬಹಳಷ್ಟು ಯತೀಮ್ ಮಕ್ಕಳಿಗೆ ತಾಯಿ ಇರುತ್ತಾಳೆ. ತಾಯಿಯಿರುವ ಮಗು ಸಂಸ್ಥೆಯ ಹಾಸಿಗೆಯಲ್ಲಿ ಮಲಗುತ್ತದೆ ಎಂದಾದರೆ ಅಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ದುಡ್ಡು, ಮಮತೆಯಲ್ಲ. ಇಂತಹ ಮಗುವಿಗೆ ಹೊಸ ಮನೆ ಹುಡುಕುವ ಮೊದಲು ಅದರ ಸ್ವಂತ ಮನೆಯನ್ನು ಉಳಿಸಬೇಕು. ಬಾಲನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಪ್ರಾಯೋಜಕತ್ವ ಎಂಬ ಹೆಸರಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ವಿಧವೆಯರ, ಪರಿತ್ಯಕ್ತೆಯರ, ವಿಚ್ಛೇದಿತೆಯರ ಮಕ್ಕಳು ಮನೆಯಲ್ಲೇ ಬೆಳೆಯಲೆಂದು ತಿಂಗಳಿಗೆ 4,000 ರೂಪಾಯಿ ನೀಡುವ ವ್ಯವಸ್ಥೆಯಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಇದ್ದತ್ ಕುಳಿತ ಹೆಣ್ಣುಮಗಳಿಗೆ ಈ ಅರ್ಜಿಯನ್ನು ತುಂಬಿಕೊಡುವುದು ಜಮಾಅತಿನ ಕೆಲಸವಾಗಬಾರದೇಕೆ? ನಮ್ಮ ಝಕಾತ್ ಸಮಿತಿಗಳು ಅದರ ಮೇಲೆ ಇನ್ನೊಂದಿಷ್ಟು ಸೇರಿಸಿದರೆ ಎಷ್ಟೋ ಮಕ್ಕಳು ಟ್ರಂಕು ಹಿಡಿದು ಊರು ಬಿಡಬೇಕಾಗುವುದಿಲ್ಲ.

ಆದರೆ ಎಲ್ಲ ಮಕ್ಕಳಿಗೂ ಮರಳಲು ಮನೆಯಿರುವುದಿಲ್ಲ. ತಂದೆ ತಾಯಿ ಇಬ್ಬರೂ ತೀರಿಕೊಂಡವರು, ತಾಯಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವವರು, ತಂದೆ ಜೈಲಿನಲ್ಲಿರುವವರು, ಹೆತ್ತವರ ಕೈಯಲ್ಲೇ ಹಿಂಸೆ ಉಂಡವರು ಇದ್ದಾರೆ. ಅಂತಹ ಮಕ್ಕಳಿಗಾಗಿ ಇರುವುದೇ ಪೋಷಕತ್ವ, ಅಂದರೆ ಫಾಸ್ಟರ್ ಕೇರ್. ಈ ಪದ ಕೇಳಿದೊಡನೆ ನಮ್ಮವರು ಅದನ್ನು ದತ್ತು ಎಂದು ಭಾವಿಸಿ ಹಿಂದೆ ಸರಿಯುತ್ತಾರೆ. ಇವೆರಡೂ ಒಂದೇ ಅಲ್ಲ. ದತ್ತು ಪಡೆದಾಗ ಮಗುವಿಗೆ ಹೆತ್ತವರೊಂದಿಗಿನ ಕಾನೂನು ಸಂಬಂಧ ಕಡಿದು, ಹೊಸ ತಂದೆ ತಾಯಿಯ ಹೆಸರು ಬರುತ್ತದೆ, ವಾರೀಸು ಹಕ್ಕೂ ಬರುತ್ತದೆ. ಅಲ್‌ಅಹ್‌ಝಾಬ್ ಅಧ್ಯಾಯದ 4 ಮತ್ತು 5ನೇ ವಚನಗಳು ನಿಷೇಧಿಸಿದ್ದು ಇದನ್ನೇ. ಅದುವರೆಗೆ ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯಲ್ಪಡುತ್ತಿದ್ದ ಝೈದ್(ರ) ಮತ್ತೆ ಝೈದ್ ಬಿನ್ ಹಾರಿಸಾ ಆದರು. ಅವರ ಹೆಸರು ಬದಲಾಯಿತು, ಆದರೆ ಅವರ ಮೇಲಿದ್ದ ಪ್ರವಾದಿವರ್ಯರ(ಸ) ಪ್ರೀತಿ ಕಿಂಚಿತ್ತೂ ಕುಂದಲಿಲ್ಲ. ದತ್ತು ನಿಷೇಧದ ವಚನವನ್ನು ಮಕ್ಕಳನ್ನು ಸಾಕದಿರಲು ನೆಪವಾಗಿ ಬಳಸುವವರು ಈ ಎರಡನೆಯ ಸಂಗತಿಯನ್ನು ಹೇಳುವುದಿಲ್ಲ.

2014ರ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಲನ್ಯಾಯ ಕಾಯ್ದೆಯ ದತ್ತು ಎಲ್ಲ ಧರ್ಮದವರಿಗೂ ಮುಕ್ತ, ಆದರೆ ಅದು ಐಚ್ಛಿಕ, ಅದನ್ನು ಆರಿಸಿಕೊಳ್ಳುವಂತೆ ಯಾರನ್ನೂ ಬಲವಂತಪಡಿಸುವುದಿಲ್ಲ ಎಂದಿತು. ಆ ಚರ್ಚೆ ನಮ್ಮಲ್ಲಿ ಬಹಳ ಬಿಸಿಯಾಗಿ ನಡೆಯಿತು. ಆದರೆ ಅದೇ ಕಾಯ್ದೆಯ 2015ರ ಹೊಸ ರೂಪದ 44ನೇ ಕಲಂನಲ್ಲಿ ನಮ್ಮ ಕಫಾಲತ್‌ಗೆ ತೀರಾ ಹತ್ತಿರವಾದ ವ್ಯವಸ್ಥೆಯೊಂದು ಇದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಪೋಷಕತ್ವದಲ್ಲಿ ಮಗುವಿನ ಹೆಸರು ಬದಲಾಗುವುದಿಲ್ಲ, ವಂಶ ಬದಲಾಗುವುದಿಲ್ಲ, ಹೆತ್ತವರಿದ್ದರೆ ಅವರ ಸಂಬಂಧ ಕಡಿಯುವುದಿಲ್ಲ. ಮಗುವಿನ ಹಿತಕ್ಕೆ ವಿರುದ್ಧವಲ್ಲವಾದರೆ ಅವರು ಬಂದು ಭೇಟಿಯಾಗಬಹುದು. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿ ಇರಿಸಬೇಕು. ಸಾಕುವ ಕುಟುಂಬವು ಶಿಕ್ಷಣ, ಆರೋಗ್ಯ, ಆಹಾರದ ಹೊಣೆ ಹೊರಬೇಕು. ಇದರಲ್ಲಿ ಶರೀಅತ್‌ಗೆ ವಿರುದ್ಧವಾದುದು ಯಾವುದು?

ಪೋಷಕತ್ವದಲ್ಲಿ ಹಲವು ವಿಧಗಳಿವೆ. ಮಗುವಿನ ಬಂಧುಗಳೇ ಸಾಕುವುದು ಒಂದು, ಸಂಬಂಧವೇ ಇಲ್ಲದ ಕುಟುಂಬ ಸಾಕುವುದು ಇನ್ನೊಂದು. ಅನಾಥನ ಹೊಣೆ ಹೊತ್ತವನು ಸ್ವರ್ಗದಲ್ಲಿ ತಮ್ಮೊಂದಿಗೆ ಹೀಗಿರುವನೆಂದು ಪ್ರವಾದಿವರ್ಯರು(ಸ) ಎರಡು ಬೆರಳುಗಳನ್ನು ಜೋಡಿಸಿ ತೋರಿಸಿದ ಹದೀಸ್ ಎಲ್ಲರಿಗೂ ಬಾಯಿಪಾಠ. ಆ ಅನಾಥ ತನ್ನ ಬಂಧುವಾಗಿರಲಿ, ಪರರ ಮಗುವಾಗಿರಲಿ ಎಂಬ ವಿವರಣೆ ಮುಸ್ಲಿಮ್‌ನ ವರದಿಯಲ್ಲಿದೆ. ಎರಡೂ ವಿಧಗಳಿಗೆ ಅಲ್ಲಿ ಜಾಗ ಸಿಕ್ಕಿತು. ಅವಧಿಯ ದೃಷ್ಟಿಯಿಂದ ನೋಡಿದರೆ ಅಲ್ಪಾವಧಿ, ದೀರ್ಘಾವಧಿ ಎಂದಿವೆ. ತಾಯಿ ಆಸ್ಪತ್ರೆಯಲ್ಲಿರುವಷ್ಟು ಕಾಲ ಅಥವಾ ಮನೆಯ ಬಿಕ್ಕಟ್ಟು ತಿಳಿಯಾಗುವವರೆಗೆ ಮಗುವನ್ನು ನೋಡಿಕೊಳ್ಳುವುದು ಅಲ್ಪಾವಧಿಯದು. ಒಂದು ವರ್ಷ ಮೀರಿದರೆ ದೀರ್ಘಾವಧಿ, ಅದು ಮಗುವಿಗೆ ಹದಿನೆಂಟು ತುಂಬುವವರೆಗೂ ಮುಂದುವರಿಯಬಹುದು. ಇನ್ನು ಗುಂಪು ಪೋಷಕತ್ವದಲ್ಲಿ ಕೆಲವೇ ಮಕ್ಕಳು ಪೋಷಕರೊಂದಿಗೆ ಮನೆಯಂತಹ ವಾತಾವರಣದಲ್ಲಿ ಇರುತ್ತಾರೆ. ನಮ್ಮ ಯತೀಂಖಾನಗಳನ್ನು ನಡೆಸುವವರು ಯೋಚಿಸಬೇಕಾದದ್ದು ಈ ಕೊನೆಯದರ ಬಗ್ಗೆ. ಇನ್ನೂರು ಹಾಸಿಗೆಯ ಹೊಸ ಅಂತಸ್ತಿಗೆ ಶಿಲಾನ್ಯಾಸ ಮಾಡುವ ಬದಲು ಆರು ಮಕ್ಕಳ ಚಿಕ್ಕ ಮನೆಗಳನ್ನು ನಡೆಸಲು ಸಾಧ್ಯವೇ ಎಂದು ಅವರು ಪರಿಶೀಲಿಸಬಹುದು.

ಬಂಧು ಪೋಷಕತ್ವಕ್ಕೆ ನಮ್ಮ ಚರಿತ್ರೆಯಲ್ಲಿರುವ ಅತ್ಯುತ್ತಮ ಉದಾಹರಣೆ ಅನಾಥನದ್ದಲ್ಲ ಎಂಬುದು ಕುತೂಹಲದ ಸಂಗತಿ. ಮಕ್ಕಾದಲ್ಲಿ ಬರ ಬಂದಿತ್ತು. ಮನೆ ತುಂಬ ಮಕ್ಕಳಿದ್ದ ಅಬೂತಾಲಿಬರು ಕಷ್ಟದಲ್ಲಿದ್ದರು. ಆಗ ಪ್ರವಾದಿವರ್ಯರು(ಸ) ತಮ್ಮ ಇನ್ನೊಬ್ಬ ಚಿಕ್ಕಪ್ಪ ಅಬ್ಬಾಸ್‌ರ ಬಳಿ ಹೋಗಿ, ಅವರ ಭಾರವನ್ನು ಹಂಚಿಕೊಳ್ಳೋಣ ಎಂದರು. ಅಲೀ(ರ) ಪ್ರವಾದಿವರ್ಯರ(ಸ) ಮನೆಗೆ ಬಂದರು, ಜಅಫರ್(ರ) ಅಬ್ಬಾಸ್‌ರ ಮನೆಗೆ ಹೋದರು. ತಂದೆ ತಾಯಿ ಜೀವಂತವಿದ್ದರು, ಅದೇ ಊರಿನಲ್ಲಿದ್ದರು. ಅಲೀ(ರ) ಕೊನೆಯವರೆಗೂ ಅಲೀ ಬಿನ್ ಅಬೀತಾಲಿಬ್ ಆಗಿಯೇ ಉಳಿದರು. ಅನಾಥರಾಗಿ ಹುಟ್ಟಿ, ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಎಂಟರಲ್ಲಿ ಅಜ್ಜನನ್ನೂ ಕಳೆದುಕೊಂಡ ಪ್ರವಾದಿವರ್ಯರನ್ನು(ಸ) ಸಾಕಿ ಬೆಳೆಸಿದ್ದು ಇದೇ ಅಬೂತಾಲಿಬರು. ಮುಂದೆ ಹಂಝಾರ ಮಗಳಿಗಾಗಿ ವಾದಿಸಿದ ಅಲೀ ಮತ್ತು ಜಅಫರ್ ಇಬ್ಬರೂ ಹೀಗೆ ಪರರ ಮನೆಯ ಅನ್ನ ಉಂಡು ಬೆಳೆದವರೇ. ಝೈದ್ ಕೂಡ.

ಯಾರು ಪೋಷಕರಾಗಬಹುದು? 2024ರ ಪರಿಷ್ಕೃತ ಮಾದರಿ ಮಾರ್ಗಸೂಚಿಗಳ ಪ್ರಕಾರ ದಂಪತಿಗಳಿಗೆ ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯವಿರಬೇಕು. ಅವಿವಾಹಿತರು, ವಿಧವೆಯರು, ವಿಚ್ಛೇದಿತರೂ ಪೋಷಕರಾಗಬಹುದು. ಆದರೆ ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಒಪ್ಪಿಸುವುದಿಲ್ಲ. ಈ ವ್ಯವಸ್ಥೆಗೆ ಬರುವವರು ಆರು ವರ್ಷ ದಾಟಿದ ಮಕ್ಕಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿದರೆ ಅರ್ಜಿಯ ದಾರಿ ತಿಳಿಯುತ್ತದೆ. ಅವರು ಮನೆಗೆ ಬಂದು ನೋಡುತ್ತಾರೆ, ಮನೆಯವರೆಲ್ಲರೊಂದಿಗೆ ಮಾತನಾಡುತ್ತಾರೆ, ಆರೋಗ್ಯ ಮತ್ತು ಪೊಲೀಸ್ ದಾಖಲೆ ಪರಿಶೀಲಿಸುತ್ತಾರೆ. ಕೊನೆಯ ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. ಮಗು ಬಂದ ಬಳಿಕವೂ ಸಮಿತಿ ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಾಯ್ದೆ ಹೇಳುತ್ತದೆ. ಸರಕಾರದವರು ಮನೆಯೊಳಗೆ ಬಂದು ಪ್ರಶ್ನಿಸುವುದು ನಮ್ಮಲ್ಲಿ ಕೆಲವರಿಗೆ ಇರಿಸುಮುರಿಸಾಗಬಹುದು. ಅನಾಥನ ಸೊತ್ತನ್ನು ಮರಳಿಸುವಾಗ ಸಾಕ್ಷಿಗಳಿರಲಿ ಎಂದು ಕುರ್‌ಆನ್ ಆಜ್ಞಾಪಿಸಿದೆ. ಸೊತ್ತಿಗೇ ಸಾಕ್ಷಿ ಬೇಕಾದರೆ ಮಗುವಿಗೆ ಬೇಡವೇ?

ಸರಕಾರದ ನೆರವಿನ ಹಣ ಪಡೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಅನ್ನಿಸಾ ಅಧ್ಯಾಯದ 6ನೇ ವಚನ ಸ್ಥಿತಿವಂತ ಪೋಷಕನಿಗೆ ದೂರವಿರಲು ಹೇಳಿ, ಬಡವನಿಗೆ ಮರ್ಯಾದೆಯ ಮಿತಿಯಲ್ಲಿ ಬಳಸಲು ಅವಕಾಶ ಕೊಟ್ಟಿದೆ. ಈ ಹಣವಂತೂ ಮಗುವಿನದು, ಮಗುವಿಗೇ ಖರ್ಚಾಗಬೇಕು. ಅಗತ್ಯವಿಲ್ಲದ ಕುಟುಂಬ ಅದನ್ನು ಮಗುವಿನ ನಾಳೆಗೆಂದು ಉಳಿಸಿಡಲಿ.

ಗಂಭೀರವಾದ ಪ್ರಶ್ನೆ ಮಹ್‌ರಮ್‌ನದ್ದು. ಏಳು ವರ್ಷದ ಹುಡುಗ ಮನೆಗೆ ಬಂದರೆ ಏಳೆಂಟು ವರ್ಷಗಳಲ್ಲಿ ಅವನು ಮನೆಯ ಹೆಣ್ಣುಮಕ್ಕಳಿಗೆ ಪರಪುರುಷ. ಹಾಲಿನ ಸಂಬಂಧದಿಂದ ಇದು ಬಗೆಹರಿಯುವುದಿಲ್ಲ. ಒಳನಾಡಿನ ಹನಫಿಗಳಲ್ಲಿ ಒಮ್ಮೆ ಕುಡಿದರೂ ಸಾಕು, ಕರಾವಳಿಯ ಶಾಫಿಈಗಳಲ್ಲಿ ಐದು ಬಾರಿ ಬೇಕು, ಆದರೆ ಅದೆಲ್ಲ ಮೊದಲ ಎರಡು ಎರಡೂವರೆ ವರ್ಷಗಳ ಮಾತು. ಈ ತೊಡಕನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗಂಡುಮಕ್ಕಳಷ್ಟೇ ಇರುವ ಮನೆಯವರು ಗಂಡುಮಗುವನ್ನು ಬಯಸಬಹುದು. ಮಕ್ಕಳೆಲ್ಲ ಮದುವೆಯಾಗಿ ಹೋದ ಐವತ್ತರ ದಂಪತಿ ಹೆಣ್ಣುಮಗುವಿಗೆ ಆಸರೆಯಾಗಬಹುದು. ಬಂಧುಗಳಲ್ಲಿ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಮಕ್ಕಳು ನಮಗೆ ಶಾಶ್ವತ ಮಹ್‌ರಮ್‌ಗಳೇ. ಉಳಿದವರ ನಡುವೆ ಪರ್ದಾ, ಬೇರೆ ಕೋಣೆ, ಏಕಾಂತಕ್ಕೆ ಎಡೆಯಿಲ್ಲದ ಏರ್ಪಾಡು ಬೇಕು. ನಮ್ಮ ಕೂಡುಕುಟುಂಬಗಳಲ್ಲಿ ಮೈದುನರು, ಸೋದರಸಂಬಂಧಿಗಳು ಇರುವಾಗ ಪಾಲಿಸಬೇಕಾದುದು ಇದನ್ನೇ. ಆದರೆ ಅಲ್ಲಿ ಮರೆತ ಮಹ್‌ರಮ್ ಅನಾಥನ ವಿಷಯ ಬಂದಾಗ ಮಾತ್ರ ಜ್ಞಾಪಕಕ್ಕೆ ಬರುತ್ತದೆ. ಹಂಝಾರ ಮಗಳಿಗೆ ಜಅಫರ್(ರ) ದೊಡ್ಡಪ್ಪನ ಮಗ, ಶಾಶ್ವತ ಮಹ್‌ರಮ್ ಅಲ್ಲ ಎಂಬುದನ್ನು ಗಮನಿಸಿ. ಆದರೂ ಆ ಮನೆಯನ್ನೇ ಆರಿಸಲಾಯಿತು, ಏಕೆಂದರೆ ಅಲ್ಲಿ ಅವಳಿಗೆ ತಾಯಿಯಂಥವಳು ಇದ್ದಳು. ಪ್ರತಿಯೊಂದು ಮನೆಯ ಪರಿಸ್ಥಿತಿ ಬೇರೆ. ನಿಮ್ಮ ಮನೆಯ ವಿವರ ಹೇಳಿ ಆಲಿಮರಲ್ಲಿ ಕೇಳಿ. ಕೇಳದೆಯೇ ಆಗದು ಎಂದು ತೀರ್ಮಾನಿಸಬೇಡಿ.

ವಾರೀಸು ಇಲ್ಲದ್ದರಿಂದ ಮಗುವಿಗೆ ಏನೂ ಸಿಗುವುದಿಲ್ಲ ಎಂಬ ಮಾತೂ ಸರಿಯಲ್ಲ. ವಾರೀಸುದಾರನಲ್ಲದವನಿಗೆ ಸೊತ್ತಿನ ಮೂರನೆಯ ಒಂದಂಶದವರೆಗೆ ವಸಿಯ್ಯತ್ ಮಾಡಬಹುದು. ಬದುಕಿರುವಾಗ ಉಡುಗೊರೆಯಾಗಿಯೂ ಕೊಡಬಹುದು.

ನಮ್ಮ ಧರ್ಮದವರಲ್ಲದ ಮಗು ಬಂದರೆ ಏನು ಎಂದೂ ಕೇಳುತ್ತಾರೆ. ಮಗು ಅಮಾನತ್ತು. ಅದರ ಹೆಸರನ್ನೂ ಧರ್ಮವನ್ನೂ ಬದಲಿಸಲು ನಮಗೆ ಅಧಿಕಾರವಿಲ್ಲ. ಅದೇ ಮಾನದಂಡವನ್ನು ನಮ್ಮ ಮಕ್ಕಳ ವಿಷಯದಲ್ಲೂ ನಾವು ಬಯಸುವೆವು ತಾನೇ? ಮನೆ ಆರಿಸುವಾಗ ಸಮಿತಿಯವರು ಮಗುವಿನ ಭಾಷೆ, ಆಚಾರ, ಪರಿಸರಕ್ಕೆ ಒಗ್ಗುವ ಕುಟುಂಬವನ್ನು ಹುಡುಕುವುದು ಸಹಜ. ಆದರೆ ಪಟ್ಟಿಯಲ್ಲಿ ಮುಸ್ಲಿಮ್ ಕುಟುಂಬವೇ ಇಲ್ಲವಾದರೆ ಅವರು ಏನು ಮಾಡಬೇಕು? ಮುಸ್ಲಿಮ್ ಮಗು ಬೇರೆಡೆ ಬೆಳೆಯಿತೆಂದು ಆಮೇಲೆ ಕೊರಗುವ ನಾವು ಅರ್ಜಿ ಹಾಕುವ ದಿನ ಎಲ್ಲಿದ್ದೆವು?

ಪೋಷಕರಿಗೆ ಅತ್ಯಂತ ಕಠಿಣವಾದದ್ದು ಕೊನೆಯಲ್ಲಿ ಬರುತ್ತದೆ. ಮಗುವಿನ ಮನೆ ಸರಿಹೋದರೆ ಅದು ಮರಳಬೇಕು. ಹಾಲುಣಿಸುವ ಅವಧಿ ಮುಗಿದಾಗ ಪುಟ್ಟ ಮುಹಮ್ಮದರನ್ನು(ಸ) ಆಮಿನಾರ ಬಳಿ ಕರೆದೊಯ್ದ ಹಲೀಮಾ ಇನ್ನಷ್ಟು ಕಾಲ ತಮ್ಮಲ್ಲೇ ಇರಲಿ ಎಂದು ಬೇಡಿ ಪುನಃ ಕರೆತಂದಿದ್ದರು. ಆದರೂ ಕೊನೆಗೆ ಒಪ್ಪಿಸಿಯೇ ಬರಬೇಕಾಯಿತು. ಫಿರ್‌ಔನನ ಅರಮನೆಯಲ್ಲಿದ್ದ ಮೂಸಾ(ಅ) ಅವರನ್ನು ತಾಯಿಯ ಮಡಿಲಿಗೆ ಮರಳಿಸಿದ್ದು ಆಕೆಯ ಕಣ್ಣು ತಣಿಯಲೆಂದು ಕುರ್‌ಆನ್ ಹೇಳುತ್ತದೆ. ಇನ್ನೊಬ್ಬಳ ಕಣ್ಣು ತಣಿಯಲೆಂದು ತನ್ನ ಕಣ್ಣೀರನ್ನು ನುಂಗುವ ಹೆಣ್ಣು ಬೇಕು ಈ ಕೆಲಸಕ್ಕೆ. ಅದು ತನ್ನಿಂದಾಗದು ಎಂದು ಮೊದಲೇ ಹೇಳುವವರನ್ನು ನಾವು ದೂರುವುದಿಲ್ಲ. ಎಲ್ಲರೂ ಪೋಷಕರಾಗಲೇಬೇಕೆಂದಿಲ್ಲ.

ಒಂದನ್ನು ಮಾತ್ರ ಯಾರೂ ಮಾಡಬಾರದು. ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಯಾರೋ ಕೊಟ್ಟ ಕೂಸನ್ನು ಸದ್ದಿಲ್ಲದೆ ಮನೆಗೆ ತಂದು, ಜನನ ಪತ್ರದಲ್ಲಿ ಸ್ವಂತ ಹೆಸರು ಬರೆಸುವ ಪರಿಪಾಠ ಮಕ್ಕಳಿಲ್ಲದವರ ನಡುವೆ ಅಲ್ಲಲ್ಲಿ ಇದೆ. ಬಾಲನ್ಯಾಯ ಕಾಯ್ದೆಯಲ್ಲಿ ಅದು ಶಿಕ್ಷಾರ್ಹ. ದೀನ್‌ನಲ್ಲಿ ಅದು ವಂಶದ ಸುಳ್ಳು. ಅಂತಹ ಮಗು ಕಂಡರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು.

ಜಮಾಅತುಗಳಲ್ಲಿ ಈ ಕೆಲಸ ಆರಂಭವಾಗಲು ದೊಡ್ಡ ನಿಧಿಯೇನೂ ಬೇಡ. ಮಹಲ್ಲಾದಲ್ಲಿ ತಂದೆ ತೀರಿಕೊಂಡ ಮಕ್ಕಳು ಎಷ್ಟು, ಅವರು ಯಾರ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಬೇಕು. ಮದುವೆ ನೋಂದಣಿಗೆ ಪುಸ್ತಕವಿರುವಂತೆ ಇದಕ್ಕೂ ಒಂದು ಪುಸ್ತಕವಿರಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯನ್ನು ಒಮ್ಮೆ ಮದ್ರಸಾದ ಸಭಾಂಗಣಕ್ಕೆ ಕರೆಯಿರಿ, ಹೆಂಗಸರಿಗೂ ಕುಳಿತು ಕೇಳಲು ಅವಕಾಶವಿರಲಿ, ಏಕೆಂದರೆ ಮಗು ಬಂದರೆ ಅದರ ಜ್ವರದ ರಾತ್ರಿ ಎದ್ದು ಕೂರುವವರು ಅವರೇ. ಯತೀಂಖಾನದವರೊಂದಿಗೆ ಮಾತನಾಡಿ, ನಿಯಮಾನುಸಾರ ಅನುಮತಿ ಪಡೆದು, ಬರುವ ಈದ್‌ಗೆ ಮಕ್ಕಳನ್ನು ಮನೆಗಳಿಗೆ ಊಟಕ್ಕೆ ಕರೆಯುವುದರಿಂದಲೂ ತೊಡಗಬಹುದು.

ಉಮ್ಮು ಸಲಮಾ(ರ) ಅವರ ಮಗ ಉಮರ್ ತಂದೆಯನ್ನು ಕಳೆದುಕೊಂಡು ಪ್ರವಾದಿವರ್ಯರ(ಸ) ಮನೆಯಲ್ಲಿ ಬೆಳೆದವರು. ಊಟಕ್ಕೆ ಕುಳಿತರೆ ಆ ಹುಡುಗನ ಕೈ ಹರಿವಾಣದ ತುಂಬ ಓಡಾಡುತ್ತಿತ್ತು. ಅಲ್ಲಾಹನ ಹೆಸರು ಹೇಳಿ, ಬಲಗೈಯಿಂದ, ನಿನ್ನ ಮುಂದಿರುವುದನ್ನು ಉಣ್ಣು ಮಗು ಎಂದು ಪ್ರವಾದಿವರ್ಯರು(ಸ) ತಿದ್ದಿದರು. ದೊಡ್ಡವರಾದ ಮೇಲೆ ಇದನ್ನು ನೆನೆದು ಹೇಳಿದ ಉಮರ್(ರ), ಅಂದಿನಿಂದ ಇಂದಿನವರೆಗೂ ತಾನು ಹಾಗೆಯೇ ಉಣ್ಣುತ್ತಿರುವುದಾಗಿ ತಿಳಿಸಿದ್ದಾರೆ.